ಓದುವವರಿಲ್ಲದ ವರದಿ

ಹೈದರಾಬಾದಿನ ಬೇಗಂ ಬಜಾರಿನ ಒಣಹಣ್ಣಿನ ಸಗಟು ಅಂಗಡಿಯೊಂದಕ್ಕೆ ತನ್ನದೇ ಡೊಮೇನ್, ಬಾಡಿಗೆಯ ಪುಟ್ಟ ಮೇಲ್ ಸರ್ವರ್ ಇದೆ ಎಂದಿಟ್ಟುಕೊಳ್ಳಿ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರ್, ಕಲಬುರಗಿಯ ಗಿರಾಕಿಗಳಿಗೆ ದರಪಟ್ಟಿ, ಬಿಲ್ಲು ಅಲ್ಲಿಂದಲೇ ಹೋಗಬೇಕು. ಅವು ಸ್ಪ್ಯಾಮ್ ಪೆಟ್ಟಿಗೆಗೆ ಬೀಳದಿರಲೆಂದು ಸರ್ವರ್ ಕೂರಿಸಿದ ಹುಡುಗ ಡಿಎನ್‌ಎಸ್‌ನಲ್ಲಿ ಡಿಮಾರ್ಕ್‌ನ ಒಂದು ಸಾಲು ಸೇರಿಸಿ ಹೋಗುತ್ತಾನೆ; ಡೊಮೇನಿನ ಹೆಸರಲ್ಲಿ ಬಂದ ನಕಲಿ ಪತ್ರವನ್ನು ಏನು ಮಾಡಬೇಕೆಂದು ಪಡೆಯುವ ಸರ್ವರುಗಳಿಗೆ ಹೇಳುವ ಸಾಲು ಅದು. ಅದರಲ್ಲೊಂದು ವರದಿ ವಿಳಾಸ: ಅಂಗಡಿಯ ಹೆಸರಲ್ಲಿ ಬಂದ ಪತ್ರಗಳ ಲೆಕ್ಕವನ್ನು ಪಡೆದವರು ಅಲ್ಲಿಗೆ ಕಳಿಸುತ್ತಾರೆ. ಗೂಗಲ್, ಯಾಹೂಗಳಿಂದ ಕುಗ್ಗಿಸಿದ (ಕಂಪ್ರೆಸ್ ಮಾಡಿದ) ಎಕ್ಸ್‌ಎಂಎಲ್ ಕಡತಗಳು ಬರತೊಡಗುತ್ತವೆ. ಒಳಗೆ ಐಪಿ ವಿಳಾಸ, ಎಣಿಕೆ, ಪಾಸು–ಫೇಲು. ಮುನೀಮರು ತೆರೆಯುತ್ತಾರೆ, ಮುಚ್ಚುತ್ತಾರೆ.

ಏರ್ಪಾಡಿನ ಉದ್ದೇಶ ಒಳ್ಳೆಯದೇ. ಡಿಮಾರ್ಕ್ ಆರ್‌ಎಫ್‌ಸಿ 7489 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಪ್ರಕಟವಾದದ್ದು 2015ರ ಮಾರ್ಚಿನಲ್ಲಿ. ಅದೇ ತಿಂಗಳ 24ರಂದು ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯ 66ಎ ಕಲಮನ್ನು ರದ್ದುಮಾಡಿತು. ಇಮೇಲ್ ಎಲ್ಲಿಂದ ಬಂತೆಂಬ ಬಗ್ಗೆ ದಾರಿ ತಪ್ಪಿಸುವುದೂ ಆ ಕಲಮಿನಡಿ ಅಪರಾಧವಾಗಿತ್ತು. ತೀರ್ಪು ಸರಿಯಾದದ್ದೇ. ಸೋಗು ಹಾಕಿ ವಂಚಿಸುವವರಿಗೆ 66ಡಿ ಉಳಿದಿದೆ. ಆದರೆ ಅದರ ನೆನಪಾಗುವುದು ಸಾಮಾನ್ಯವಾಗಿ ದುಡ್ಡು ಕೈಬಿಟ್ಟ ಮೇಲೆ. ಅಂಗಡಿಯ ಹೆಸರಲ್ಲಿ ಬೇರೆ ಬ್ಯಾಂಕ್ ಖಾತೆ ನಮೂದಿಸಿದ ನಕಲಿ ಬಿಲ್ಲು ಯಾರೋ ಕಳಿಸುತ್ತಿದ್ದರೆ, ಅದರ ಸುಳಿವು ಆ ಎಕ್ಸ್‌ಎಂಎಲ್‌ನಲ್ಲೇ ಇರಬಹುದು.

ಆದರೆ ಈ ವರದಿ ವಿಳಾಸವನ್ನು ಯಾರು ಬೇಕಾದರೂ ಡಿಎನ್‌ಎಸ್‌ನಿಂದ ತೆಗೆದುಕೊಳ್ಳಬಹುದು, ಸ್ಪ್ಯಾಮ್ ಕಳಿಸುವವನೂ. ದೂರಿಗೆಂದೇ ‘ಅಬ್ಯೂಸ್’ ಎಂಬ ಹೆಸರಿನ ಪೆಟ್ಟಿಗೆ ಇರಲಿ ಎಂದು ಆರ್‌ಎಫ್‌ಸಿ 2142 ಹೇಳಿದ್ದು 1997ರಲ್ಲಿ. ಎಲ್ಲರಿಗೂ ಗೊತ್ತಿರುವ ವಿಳಾಸಕ್ಕೆ ಏನೇನು ಬಂದು ಬೀಳುತ್ತದೆಂಬುದು ಆಗಿನಿಂದಲೂ ತಿಳಿದ ವಿಷಯ. ಪುಟ್ಟ ಸರ್ವರ್ ತಾನೂ ವರದಿ ಕಳಿಸಲು ಹೊರಟರಂತೂ ಫಜೀತಿ. ಸ್ಪ್ಯಾಮ್‌ಗೆಂದೇ ಕೊಂಡ ಡೊಮೇನಿಗೂ ವರದಿ ವಿಳಾಸ ಇರಬಹುದಲ್ಲ? ಆಗ ನಮ್ಮ ಸರ್ವರ್ ಅವನಿಗೇ ಬರೆದು ತಿಳಿಸುತ್ತದೆ: ತಮ್ಮ ಇಷ್ಟು ಪತ್ರಗಳು ಪಾಸಾದವು, ಇಷ್ಟು ಫೇಲಾದವು! ಸತ್ತುಹೋದ ವಿಳಾಸಗಳಿಗೆ ಕಳಿಸಿದ ವರದಿಗಳು ಬೌನ್ಸ್ ಆಗಿ ಮರಳುವುದು ಬೇರೆ. ದೊಡ್ಡ ಕಂಪನಿಗಳಲ್ಲಿ ಈ ಕಸ ಗುಡಿಸಲು ಜನರಿದ್ದಾರೆ, ಇಲ್ಲಿ ಮುನೀಮರೊಬ್ಬರೇ.

2024ರ ಫೆಬ್ರುವರಿಯಿಂದ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ ಗೂಗಲ್ ಡಿಮಾರ್ಕ್ ಕಡ್ಡಾಯ ಮಾಡಿತು. ದಿನಕ್ಕೆ ಐವತ್ತು ಬಿಲ್ಲು ಕಳಿಸುವವರೂ ಹೆದರಿ ಆ ಸಾಲನ್ನು ನಕಲು ಮಾಡಿಕೊಂಡರೆ ಅಚ್ಚರಿಯಿಲ್ಲ. ನಿಯಮಕ್ಕೆ ‘ನನ್’ ಎಂಬ ನೀತಿಯೂ ಸಾಕು, ಅಂದರೆ ನಕಲಿ ಬಂದರೂ ಏನೂ ಮಾಡಬೇಡಿ ಎಂದು. ಕೆಲವು ವಾರ ವರದಿ ನೋಡಿ, ಆಮೇಲೆ ‘ರಿಜೆಕ್ಟ್’ಗೆ ಏರುವುದು ಮೂಲ ಆಶಯ. ವರದಿ ಓದದವರು ‘ನನ್’ನಲ್ಲೇ ಕೂತುಬಿಡುತ್ತಾರೆ, ಬಿಲ್ಲಿನ ವಂಚಕನಿಗೆ ಡಿಮಾರ್ಕ್‌ನಿಂದ ಯಾವ ಅಡ್ಡಿಯೂ ಇಲ್ಲ. ನನ್ನ ದೊಡ್ಡ ತಕರಾರು ಇದೇ. ಸ್ಪ್ಯಾಮ್ ಅದರ ಮುಂದೆ ಕಿರಿಕಿರಿ ಅಷ್ಟೆ.

ಓದುವವರಿಲ್ಲದಿದ್ದರೆ ವರದಿ ವಿಳಾಸವನ್ನು ತೆಗೆದುಹಾಕಬಹುದು, ಅದಿಲ್ಲದೆಯೂ ಡಿಮಾರ್ಕ್ ನಡೆಯುತ್ತದೆ. ಇಡುವುದಾದರೆ ಬಿಲ್ಲಿನ ಪೆಟ್ಟಿಗೆಯಿಂದ ಬೇರೆಯಾಗಿರಲಿ, ಕುಗ್ಗಿಸಿದ ಕಡತದ ಲಗತ್ತಿಲ್ಲದ ಪತ್ರ ಅಲ್ಲಿ ಒಳಗೆ ಬರುವುದೇ ಬೇಡ. ತಾನೇ ವರದಿ ಕಳಿಸುವ ಉಸಾಬರಿಯನ್ನು ಪುಟ್ಟ ಸರ್ವರ್ ಇಂದೇ ನಿಲ್ಲಿಸಬಹುದು. ಅದರಿಂದ ಬೀದರಿಗೆ ಹೋಗುವ ಒಂದು ಬಿಲ್ಲೂ ತಡವಾಗದು.