ಮಸುಕಾದ ಚಿತ್ರವೂ ಒಂದು ವರದಿ

ವಯಸ್ಸಾದವರಿಗೆ ಪೊರೆ ಆಪರೇಷನ್ ಆದಮೇಲೆ ಕಣ್ಣಿನ ಒಳಭಾಗವನ್ನು ಕೈಕ್ಯಾಮೆರಾದಲ್ಲಿ ನೋಡುವ ಪದ್ಧತಿಗೆ ನನ್ನ ಬೆಂಬಲವಿದೆ. ಬೆನ್ನು ಬಾಗಿದ ಅಜ್ಜಿಗೆ ಕಣ್ಣು ಪರೀಕ್ಷಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ಮೇಲೆ ಗದ್ದ ಊರಿ ಕೂರುವುದೇ ಕಷ್ಟ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರಿಗಂತೂ ಸಾಧ್ಯವೇ ಇಲ್ಲ. ಬೆಂಗಳೂರಿನ ರೆಮಿಡಿಯೊ ಕಂಪನಿಯ 'ಫಂಡಸ್ ಆನ್ ಫೋನ್'ನಂಥ ಸಾಧನಗಳು ಅಂಥವರು ಇದ್ದಲ್ಲಿಗೇ ಹೋಗಬಲ್ಲವು.

ನನ್ನ ತಕರಾರು ಅವುಗಳನ್ನು ಬಳಸುವ ರೀತಿಯ ಬಗ್ಗೆ. ಇವು ಹೆಚ್ಚಾಗಿ ಬಳಕೆಗೆ ಬಂದದ್ದು ಸಕ್ಕರೆ ಕಾಯಿಲೆಯವರ ಅಕ್ಷಿಪಟಲ ತಪಾಸಣೆಗೆ. ಅಲ್ಲಿ ಚಿತ್ರ ಮಸುಕಾದರೆ ಮೊದಲು ಮತ್ತೊಮ್ಮೆ ತೆಗೆಯುತ್ತಾರೆ. ಆಪರೇಷನ್ ಆದ ಕಣ್ಣಿನಲ್ಲಿ ಆ ಮಸುಕಿಗೆ ಅರ್ಥವಿದೆ. ವಯಸ್ಸಾದವರ ಪಾಪೆ ಕಿರಿದಾಗಿರುವುದರಿಂದ ಚಿತ್ರ ಮಂಕಾಗಬಹುದು. ಕಾರ್ನಿಯಾ ಊದಿಕೊಂಡಿದ್ದರೂ ಆಗಬಹುದು; ಸಾಮಾನ್ಯವಾಗಿ ಅದು ದಿನಗಳೆದಂತೆ ಇಳಿಯುತ್ತದೆ. ಆದರೆ ಕಣ್ಣೊಳಗೆ ಸೋಂಕು ಹೊಕ್ಕು ಕೀವಾಗುತ್ತಿದ್ದರೂ ಪರದೆಯ ಮೇಲೆ ಕಾಣುವುದು ಅದೇ ಮಂಜು. ಎಂಡಾಫ್ತಾಲ್ಮೈಟಿಸ್ ಎಂಬ ಈ ಸೋಂಕು ಅಪರೂಪ. ಬಂದರೆ ಬಹುಪಾಲು ಮೊದಲ ವಾರದಲ್ಲೇ ಬರುತ್ತದೆ, ತಡಮಾಡಿದರೆ ದೃಷ್ಟಿಯನ್ನೇ ಕಸಿಯುತ್ತದೆ. 'ಗುಣಮಟ್ಟ ಸಾಲದು' ಎಂದು ಪರದೆ ಹೇಳಿದಾಗ ಸಿಬ್ಬಂದಿ ಮತ್ತೆರಡು ಸಲ ಯತ್ನಿಸಿ ಮುಂದಿನ ಮನೆಗೆ ಹೊರಟುಬಿಟ್ಟರೆ, ಆ ಭೇಟಿಯಿಂದ ಆದ ಉಪಕಾರವೇನು?

ಸ್ಪಷ್ಟ ಚಿತ್ರವನ್ನೂ ಪೂರ್ತಿ ನಂಬುವಂತಿಲ್ಲ. ಆಪರೇಷನ್ ಆಗಿ ನಾಲ್ಕಾರು ವಾರಕ್ಕೆ ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ನೀರು ತುಂಬಿ ಓದು ಮಂಕಾಗುವುದುಂಟು. ಚಪ್ಪಟೆ ಫೋಟೋದಲ್ಲಿ ಆ ಊತ ಕಾಣದೇ ಹೋಗಬಹುದು. ಅದನ್ನು ಅಳೆಯಲು 1991ರಲ್ಲಿ ಬೆಳಕಿಗೆ ಬಂದ, ಅಕ್ಷಿಪಟಲದ ಪದರಗಳನ್ನು ಸೀಳಿ ತೋರಿಸುವಂಥ ಓಸಿಟಿ ಸ್ಕ್ಯಾನ್ ತಂತ್ರಜ್ಞಾನವೇ ಬೇಕು. ಅದರ ಕೈಯಲ್ಲಿ ಹಿಡಿಯುವ ಮಾದರಿಗಳೂ ಬಂದಿವೆ, ಹಳ್ಳಿಗೆ ತಲುಪುವ ಬೆಲೆಯಲ್ಲಿ ಅಲ್ಲ. ಇನ್ನು ಫೋನಿನ ಕೃತಕ ಬುದ್ಧಿಮತ್ತೆ 'ಸಕ್ಕರೆ ಕಾಯಿಲೆಯ ಲಕ್ಷಣ ಇಲ್ಲ' ಎಂದರೆ ಮನೆಯವರು 'ಕಣ್ಣು ಚೆನ್ನಾಗಿದೆಯಂತೆ' ಎಂದುಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ. ಯಂತ್ರ ಯಾವ ಪ್ರಶ್ನೆಗೆ ಉತ್ತರ ಕೊಟ್ಟಿತು ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಹಾಗಾಗಿ ಕ್ಯಾಮೆರಾ ಹೊರತೆಗೆಯುವ ಮೊದಲೇ ಒಂದೊಂದು ಕಣ್ಣನ್ನೂ ಬೇರೆಬೇರೆಯಾಗಿ ಮುಚ್ಚಿಸಿ ಅಕ್ಷರದ ಚಾರ್ಟ್ ಓದಿಸಬೇಕು, ಟಾರ್ಚ್ ಹಿಡಿದು ನೋಡಬೇಕು, ನೋವಿದೆಯೇ ಎಂದು ಕೇಳಬೇಕು. ದೃಷ್ಟಿ ಇಳಿದಿದ್ದರೆ, ನೋವೂ ಕೆಂಪೂ ಹೆಚ್ಚುತ್ತಿದ್ದರೆ ಚಿತ್ರಕ್ಕೆ ಕಾಯದೆ ಅಂದೇ ಕಣ್ಣಿನ ಡಾಕ್ಟರ ಬಳಿ ಕಳಿಸಬೇಕು. ವರದಿಯ ನಮೂನೆಯಲ್ಲಿ 'ಚಿತ್ರ ಬರಲಿಲ್ಲ' ಎಂಬುದಕ್ಕೇ ಒಂದು ಕಾಲಂ ಇರಲಿ. ಅಲ್ಲಿ ಗುರುತು ಬಿದ್ದ ಪ್ರತಿಯೊಬ್ಬರ ಮನೆಗೂ ಅಂದು ಸಂಜೆಯೊಳಗೆ ಆಸ್ಪತ್ರೆಯಿಂದ ಫೋನ್ ಹೋಗಲಿ.