ಹಾಡಿನ ಹಿಂದಿನ ಮನೆ

ಗದಗಿನ ಮನೆ ಬಿಟ್ಟು ಓಡಿದ ಹುಡುಗ ಭೀಮಸೇನನ ಕಥೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಬಾಯಿಪಾಠ. ಉಸ್ತಾದ್ ಅಬ್ದುಲ್ ಕರೀಂ ಖಾನರ ಠುಮ್ರಿಯ ಪ್ಲೇಟು ಕೇಳಿ ಮರುಳಾದದ್ದು. 1933ರಲ್ಲಿ, 11ರ ವಯಸ್ಸಿಗೆ, ಒಂದು ಚಮಚ ತುಪ್ಪಕ್ಕಾಗಿ ತಾಯಿಯ ಮೇಲೆ ಮುನಿದು ರೈಲು ಹತ್ತಿದ್ದು. ಗ್ವಾಲಿಯರ್, ಜಲಂಧರ್ ಎಂದು ಅಲೆದು, ಕಡೆಗೆ ಊರಿಗೆ ಹತ್ತಿರದ ಕುಂದಗೋಳದಲ್ಲೇ ಸವಾಯಿ ಗಂಧರ್ವರಲ್ಲಿ ಗುರುವನ್ನು ಕಂಡದ್ದು. ಕವಿ ಗುಲ್ಜಾರ್ 1992ರಲ್ಲಿ ಸಾಕ್ಷ್ಯಚಿತ್ರ ಮಾಡಿದಾಗ ಪಂಡಿತ ಜೋಶಿಯವರಿಗೆ 70 ವರ್ಷ. ಅವರ ಬದುಕನ್ನು ಅವರದೇ ಬಾಯಿಂದ ಕೇಳುವ ಭಾಗ್ಯ ಆ ಚಿತ್ರದಿಂದ ಸಿಕ್ಕಿತು. ಆದರೂ ಅದು ಅಭಿಮಾನಿಯ ಕ್ಯಾಮೆರಾ. ಹಾಡುಗಾರನೆದುರು ಕೈಕಟ್ಟಿ ಕೂರುತ್ತದೆ.

ಮನೆಯ ಒಳಗಿನಿಂದ ಅದೇ ಬದುಕನ್ನು ಹೇಳಿದವರು ಮಗ ರಾಘವೇಂದ್ರ ಜೋಶಿ. ಮರಾಠಿಯಲ್ಲಿ ಅವರು ಬರೆದ 'ಗಾಣಾರ್‍ಯಾಚೆ ಪೋರ್', ಅಂದರೆ ಹಾಡುಗಾರನ ಕೂಸು, 2016ರಲ್ಲಿ ಇಂಗ್ಲಿಷಿಗೂ ಬಂತು. ತಂದೆ ಎರಡನೆಯ ಮದುವೆಯಾದ ಮೇಲೆ ಹಿಂದೆ ಉಳಿದ ಮೊದಲ ಸಂಸಾರ, ತಾಯಿ ಸುನಂದಾ, ತಂದೆಯ ಹಾಡಿನ ಮೇಲಿನ ಮೋಹ, ತಂದೆಯೇ ಕೈಗೆ ಸಿಗದ ಸಂಕಟ ಎಲ್ಲವೂ ಅಲ್ಲಿವೆ. ಇದನ್ನು ಓದಿದರೆ ಪಂಡಿತರು ಸಣ್ಣವರಾಗುವುದಿಲ್ಲ. ಅವರ ಹಾಡಿಗೆ ಯಾರು ಯಾರು ಬೆಲೆ ತೆತ್ತರು ಎಂಬುದು ತಿಳಿಯುತ್ತದೆ.

ಆ ಹುಡುಗನನ್ನು ಮನೆಯಿಂದ ಎಳೆದ ಖಾನ್ ಸಾಹೇಬರ ಮನೆಯೂ ಒಡೆದದ್ದೇ. ಪತ್ನಿ ತಾರಾಬಾಯಿ ಮಕ್ಕಳೊಡನೆ ಬೇರೆಯಾದರು. ಆ ಮಕ್ಕಳನ್ನು ಲೋಕ ಬಲ್ಲದ್ದು ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ್ ಎಂಬ ಹೆಸರುಗಳಿಂದ. ತಾರಾಬಾಯಿಯ ಎದುರು ಯಾರಾದರೂ ಕ್ಯಾಮೆರಾ ಇಟ್ಟಿದ್ದರೆ ಕಿರಾಣಾ ಘರಾಣೆಯ ಚರಿತ್ರೆಯೇ ಬೇರೆಯಾಗಿ ಶುರುವಾಗುತ್ತಿತ್ತು.

ಈಗ ಕ್ಯಾಮೆರಾ ಎಲ್ಲರ ಜೇಬಿನಲ್ಲಿದೆ. ಬೆಟಗೇರಿಯ ತಬಲಾ ಹುಡುಗನಿರಲಿ, ಲಕ್ಷ್ಮೇಶ್ವರದ ಕವ್ವಾಲಿಯವನಿರಲಿ, ಶಿರಹಟ್ಟಿ ಮುಂಡರಗಿಗಳಲ್ಲಿ ಮೊಹರಮ್ಮಿನ ರಿವಾಯತ್ ಹಾಡುವವರ ಮೊಮ್ಮಗನಿರಲಿ, ಅಜ್ಜನನ್ನು ಚಿತ್ರಿಸಲು ಕೂತರೆ ಹಾಡಿಸಿ ಎದ್ದುಬಿಡುವ ಆತುರವೇ ಹೆಚ್ಚು. ಸಂಗೀತಗಾರನ ದೌರ್ಬಲ್ಯ ಇನ್ನೊಂದಿದೆ: ಮುದುಕರ ಮಾತು ನಿಂತಲ್ಲೆಲ್ಲ ಹಿನ್ನೆಲೆಗೆ ಹಾರ್ಮೋನಿಯಂ ತುಂಬುತ್ತಾನೆ. ತುಂಬಬಾರದು. ಅಜ್ಜ ಹಾಡಿ ಮುಗಿಸಿದ ಮೇಲೂ ಕ್ಯಾಮೆರಾ ಆರಿಸದೆ ಅಡುಗೆಮನೆಯ ಕಡೆ ತಿರುಗಿಸಬೇಕು. ಅವರು ಊರೂರು ಹಾಡಲು ಹೋದಾಗ ಒಲೆ ಹೇಗೆ ಉರಿಯಿತು ಎಂದು ದಾದಿಯನ್ನು ಕೇಳಬೇಕು. ಆಕೆ ದಖನಿಯಲ್ಲೇ ಹೇಳಲಿ.