ಪತ್ರಿಕಾಕರ್ತರಾದ ಹಳಕಟ್ಟಿಯವರು

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರನ್ನು ವಚನ ಪಿತಾಮಹರೆಂದು ಕರೆಯುವದು ರೂಢಿಯಾಗಿ ಹೋಗಿದೆ. ವಚನಗುಮ್ಮಟವೆಂಬ ಬಿರುದೂ ಅವರಿಗುಂಟು. ಬಿರುದುಗಳು ಗೌರವದಿಂದಲೇ ಹುಟ್ಟುವವೆಂಬದು ನಿಜ. ಆದರೆ ಅವು ಮನುಷ್ಯನನ್ನು ಎತ್ತರದ ಪೀಠದಲ್ಲಿ ಕುಳ್ಳಿರಿಸಿ, ಅವನು ನೆಲದ ಮೇಲೆ ಕುಳಿತು ಮಾಡುತ್ತಿದ್ದ ಕೆಲಸವನ್ನು ನಮ್ಮ ಕಣ್ಣಿಗೆ ಮರೆಮಾಡುವವು. ಹಳಕಟ್ಟಿಯವರು ಹಸ್ತಪ್ರತಿಗಳನ್ನು ಕೂಡಿಸಿದ ಸಂಶೋಧಕರೆಂದು ಎಲ್ಲರೂ ಬಲ್ಲರು. ಅವರು ಪತ್ರಿಕಾಕರ್ತರೂ ಆಗಿದ್ದರು, ನಿಯತಕಾಲಕ್ಕೆ ಸಂಚಿಕೆಯನ್ನು ಹೊರಡಿಸಲೇಬೇಕಾದ ಗಡುವಿನಲ್ಲಿ ಬಾಳಿದವರು ಎಂಬದನ್ನು ನೆನೆಯುವವರು ವಿರಳ. ಅವರ ಸಂಪಾದನೆಯ ಗುಣವೂ ದೋಷವೂ ಬಹುಮಟ್ಟಿಗೆ ಈ ಒಂದು ಸಂಗತಿಯಿಂದಲೇ ಬಂದವೆಂದು ನನ್ನ ಅಭಿಪ್ರಾಯ.

ಜೀವನದ ವಿವರಗಳು ಪ್ರಸಿದ್ಧವೇ ಇರುವದರಿಂದ ಅವನ್ನು ಇಲ್ಲಿ ಬೆಳೆಸುವದಿಲ್ಲ. ೧೮೮೦ರಲ್ಲಿ ಧಾರವಾಡದಲ್ಲಿ ಜನನ. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಮುಂಬಯಿಯಲ್ಲಿ ವಿದ್ಯಾಭ್ಯಾಸ, ಬಳಿಕ ೧೯೦೪ರ ಸುಮಾರಿಗೆ ವಿಜಾಪುರದಲ್ಲಿ ವಕೀಲಿ. ಆ ಊರಿನ ಶಿಕ್ಷಣಸಂಸ್ಥೆ, ಸಹಕಾರಿ ಬ್ಯಾಂಕು ಮುಂತಾದವುಗಳ ಹಿಂದೆ ಅವರ ದುಡಿಮೆಯಿದೆ. ೧೯೨೬ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ೧೯೬೪ರಲ್ಲಿ ನಿಧನ.

ನಮ್ಮ ಸೀಮೆಯ ವಾಚಕರಿಗೆ ವಿಶೇಷವಾಗಿ ಹೇಳಬೇಕಾದ ಮಾತು ಬೇರೊಂದಿದೆ. ತಾರುಣ್ಯದಲ್ಲಿ ಅವರಿಗೆ ವಚನಗಳ ಹುಚ್ಚು ಹಿಡಿದುದು ರಬಕವಿ-ಬನಹಟ್ಟಿಯ ಈ ಭಾಗದಲ್ಲಿಯೇ. ಇಲ್ಲಿಯ ಮಂಚಾಲೆ ಮನೆತನದಲ್ಲಿದ್ದ ಪ್ರಭುದೇವರ ವಚನ, ಷಟ್‌ಸ್ಥಲ ತಿಲಕ ಮೊದಲಾದ ಓಲೆಗರಿಯ ಗ್ರಂಥಗಳನ್ನು ಕಂಡ ಮೇಲೆ ಅವರ ಬಾಳಿನ ದಿಕ್ಕೇ ಬದಲಾಯಿತು. ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಟ್ಟುಗಳನ್ನು ಬಿಚ್ಚಿ ಓದಬೇಕೆಂದು ಒಬ್ಬ ವಕೀಲನಿಗೆ ತೋರಿತು. ಪೂಜೆಯು ಓಲೆಗಳನ್ನು ಉಳಿಸಿತ್ತು, ಓದನ್ನು ಉಳಿಸಿರಲಿಲ್ಲ.

ಅಂದಿನಿಂದ ಊರೂರು ತಿರುಗಿ ಕೂಡಿಸಿದ್ದರ ಮೊದಲ ಫಲವೇ 'ವಚನಶಾಸ್ತ್ರ ಸಾರ'ದ ಮೊದಲನೆಯ ಭಾಗ. ಮಂಗಳೂರಿಗೆ ಕಳುಹಿದ ಹಸ್ತಪ್ರತಿಯು ಅಚ್ಚಾಗದೆ ಮರಳಿ ಬಂದಿತು; ಕಡೆಗೆ ಬೆಳಗಾವಿಯಲ್ಲಿ ೧೯೨೩ರಲ್ಲಿ ಪುಸ್ತಕವು ಹೊರಬಿದ್ದಿತು. ಪರರ ಛಾಪಖಾನೆಯ ಬಾಗಿಲಲ್ಲಿ ಕಾಯುವದೆಂದರೇನೆಂಬದು ಅವರಿಗೆ ಆಗ ತಿಳಿಯಿತು. ಎರಡು ವರ್ಷಗಳಲ್ಲಿ, ಎಂದರೆ ೧೯೨೫ರಲ್ಲಿ, ಇದ್ದ ಮನೆಯನ್ನು ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು. ಮರುವರ್ಷ 'ಶಿವಾನುಭವ' ಹುಟ್ಟಿತು. ೧೯೨೭ರಲ್ಲಿ 'ನವಕರ್ನಾಟಕ' ವಾರಪತ್ರಿಕೆ. ಮನೆ ಮಾರಿದ ಸಂಗತಿಯನ್ನು ತ್ಯಾಗದ ಕತೆಯಾಗಿ ಹೇಳುವವರೇ ಬಹಳ. ಅದು ತ್ಯಾಗವಹುದು, ಆದರೆ ವ್ಯವಹಾರವನ್ನು ಬಲ್ಲವನ ತೀರ್ಮಾನವೂ ಅಹುದು. ಅಚ್ಚಿನ ಮೊಳೆಗಳು ತನ್ನವಾಗದ ಹೊರತು ಸಂಪಾದಕನ ಲೇಖಣಿಯು ತನ್ನದಾಗದು.

'ಶಿವಾನುಭವ'ವು ಮೊದಲು ತ್ರೈಮಾಸಿಕವಾಗಿಯೂ ಮುಂದೆ ಮಾಸಿಕವಾಗಿಯೂ ಮೂರು ದಶಕಗಳನ್ನು ಮೀರಿ ನಡೆಯಿತು. ಇಷ್ಟು ಕಾಲ ಒಂದು ಶಾಸ್ತ್ರೀಯ ಪತ್ರಿಕೆಯನ್ನು ನಡೆಯಿಸುವದೆಂದರೆ ಏನೆಂಬದನ್ನು ಮಗ್ಗದ ಊರಿನವರಿಗೆ ವಿವರಿಸಬೇಕಾಗಿಲ್ಲ. ಬನಹಟ್ಟಿಯ ನೇಕಾರನು ಸಂತೆಯ ದಿವಸಕ್ಕೆ ಸೀರೆಯನ್ನು ಮಗ್ಗದಿಂದ ಇಳಿಸಲೇಬೇಕು. ಎಳೆಯೊಂದು ಕಡಿದಿದ್ದರೆ ಗಂಟು ಹಾಕಿ ಮುಂದೆ ಸಾಗುವನು. ಆ ಗಂಟನ್ನು ಸೂಕ್ಷ್ಮವಾಗಿ ನೋಡಿದವರು ಕಂಡೇ ಕಾಣುವರು. ಹಳಕಟ್ಟಿಯವರ ಸಂಚಿಕೆಗಳು ಇಂಥವು. ಒಂದರಲ್ಲಿ ವಚನಗಳ ಪಾಠ, ಅದರ ಬೆನ್ನಿಗೆ ಶರಣರೊಬ್ಬರ ಚರಿತ್ರೆ, ಪಾರಿಭಾಷಿಕ ಶಬ್ದಗಳ ವಿವರಣೆ, ಹಾಳೆ ಉಳಿದಲ್ಲಿ ಮತ್ತೊಂದಿಷ್ಟು. ಬಹುಪಾಲು ಬರಹ ಅವರದೇ. ಓಲೆಯನ್ನು ಓದುವವರು ಅವರು, ನಕಲು ಮಾಡುವವರು ಅವರು, ಕರಡು ತಿದ್ದುವವರೂ ಅವರೇ. ಇವೆಲ್ಲದರ ಜೊತೆಗೆ ವಕೀಲಿಯೂ ಇತ್ತು!

ಇನ್ನು ದೋಷಗಳ ವಿಚಾರ. ಅವನ್ನು ಮುಚ್ಚಿಡುವದು ಗೌರವವಲ್ಲ. ಒಂದು ವಚನದ ಪಾಠವನ್ನು ಯಾವ ಪ್ರತಿಯಿಂದ ತೆಗೆದುಕೊಂಡರೆಂಬದನ್ನು ಅವರು ಎಲ್ಲೆಡೆಯಲ್ಲಿ ಹೇಳಿಲ್ಲ. ಪಾಠಾಂತರಗಳನ್ನು ಇಂದಿನ ಕ್ರಮದಲ್ಲಿ ಕೊಡಲಿಲ್ಲ. 'ವಚನಶಾಸ್ತ್ರ ಸಾರ'ದಲ್ಲಿಯಂತೂ ಹಲವು ಶರಣರ ವಚನಗಳನ್ನು ವಿಷಯಾನುಸಾರವಾಗಿ ಬಿಡಿಸಿ ಜೋಡಿಸಿದ್ದರಿಂದ, ಒಬ್ಬ ವಚನಕಾರನ ಧ್ವನಿಯು ಇನ್ನೊಬ್ಬನ ಧ್ವನಿಯೊಡನೆ ಕಲೆತು, ಎಲ್ಲರೂ ಒಂದೇ ಸಿದ್ಧಾಂತವನ್ನು ಪಾಠ ಒಪ್ಪಿಸುವವರಂತೆ ಕೇಳುವದು. ಇದು ನನಗೆ ದೊಡ್ಡ ಕೊರತೆಯಾಗಿ ತೋರುತ್ತದೆ. ಅಲ್ಲಮನೂ ಬಸವಣ್ಣನೂ ಒಂದೇ ರೀತಿಯಲ್ಲಿ ಮಾತಾಡುವವರಲ್ಲ. ಶಾಸ್ತ್ರವನ್ನು ಕಟ್ಟುವ ಆತುರದಲ್ಲಿ ಕವಿಯು ಹಿಂದೆ ಬಿದ್ದನು. ಮುಂದಿನ ವಿದ್ವಾಂಸರು ಇದನ್ನು ತಿದ್ದಿದರು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ಸರಕಾರವು ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಅವುಗಳಲ್ಲಿ ಒಬ್ಬೊಬ್ಬರ ವಚನಗಳು ಅವರವರ ಹೆಸರಿನಲ್ಲಿಯೇ ನಿಂತಿವೆ.

ಆದಾಗ್ಯೂ ಒಂದು ಪ್ರಶ್ನೆಯನ್ನು ಕೇಳದೆ ಗತ್ಯಂತರವಿಲ್ಲ. ಹಳಕಟ್ಟಿಯವರು ಎಲ್ಲ ಪ್ರತಿಗಳು ಕೈಸೇರುವವರೆಗೆ, ಎಲ್ಲ ಸಂದೇಹಗಳು ತೀರುವವರೆಗೆ ಕಾಯ್ದಿದ್ದರೆ ಏನಾಗುತ್ತಿತ್ತು? ಓಲೆಗೆ ಹುಳವು ಕಾಯುವದಿಲ್ಲ. ಮನೆತನಗಳು ಪಾಲಾಗುವಾಗ ಓಲೆಯ ಕಟ್ಟುಗಳೂ ಪಾಲಾಗುವವು. ಪಂಡಿತನಿಗೆ ಗಡುವಿಲ್ಲ, ಪತ್ರಿಕಾಕರ್ತನಿಗೆ ಉಂಟು. ಅವರು ಪಂಡಿತರಾಗಿ ಮಾತ್ರ ಇದ್ದಿದ್ದರೆ ನಿರ್ದುಷ್ಟವಾದ ಒಂದು ಗ್ರಂಥವು ನಮಗೆ ದೊರೆಯುತ್ತಿತ್ತೋ ಏನೋ. ಪತ್ರಿಕಾಕರ್ತರಾದುದರಿಂದ ತಿದ್ದಿಕೊಳ್ಳಬೇಕಾದ ನೂರಾರು ಸಂಚಿಕೆಗಳು ದೊರೆತವು. ಅಚ್ಚಾದ ತಪ್ಪನ್ನು ತಿದ್ದಬಹುದು, ಅಚ್ಚಾಗದೆ ಹಾಳಾದ ಓಲೆಯನ್ನು ಯಾರೂ ತಿದ್ದಲಾರರು. ಆದುದರಿಂದ ನನ್ನ ತೂಕವು ಅವರ ಆತುರದ ಕಡೆಗೇ ವಾಲುವದು. ವಿಷಯವಾರು ಜೋಡಣೆಯನ್ನು ಮಾತ್ರ ನಾನು ಆತುರದ ಲೆಕ್ಕಕ್ಕೆ ಹಾಕಲಾರೆ. ಅದು ಅವರು ಬೇಕೆಂದೇ ಮಾಡಿದ ಆಯ್ಕೆ, ತಪ್ಪಾದ ಆಯ್ಕೆ.

'ನವಕರ್ನಾಟಕ'ದ ವಿಷಯವಾಗಿ ಹೆಚ್ಚು ಹೇಳಬೇಕಾದದ್ದಿಲ್ಲ. ವಾರಪತ್ರಿಕೆಯು ನಾಡಿನ ಏಕೀಕರಣಕ್ಕೂ ಜನಜಾಗೃತಿಗೂ ಮೀಸಲಾಗಿದ್ದಿತು. ಆ ಕಾಲದಲ್ಲಿ ಅದರ ಬೆಲೆ ದೊಡ್ಡದು. ಅಂದು ಜಮಖಂಡಿ, ಮುಧೋಳಗಳು ಬೇರೆ ಬೇರೆ ಸಂಸ್ಥಾನಗಳು. ರಬಕವಿಯು ಸಾಂಗಲಿಗೆ ಸೇರಿದ್ದು. ಬೀಳಗಿಯು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯದು. ಅರಮನೆಗಳಲ್ಲಿ ಮರಾಠಿಯ ಪ್ರಾಬಲ್ಯ. ಒಂದು ದಿವಸದ ಚಕ್ಕಡಿಯ ಹಾದಿಯಲ್ಲಿ ಮೂರು ನಾಲ್ಕು ಒಡೆತನಗಳು. ಇಂಥ ನೆಲದಲ್ಲಿ ಅಂಚೆಯ ಚೀಲದೊಳಗಿನ ಕನ್ನಡ ಪತ್ರಿಕೆಯೊಂದೇ ಎಲ್ಲ ಗಡಿಗಳನ್ನೂ ಕೇಳದೆ ದಾಟುತ್ತಿದ್ದಿತು.

ಬರವಣಿಗೆಯನ್ನು ಕಲಿಸುವ ವಿಷಯದಲ್ಲಿ ಅವರ ಸ್ಥಾನವೇನು? ೧೯೨೮ರಲ್ಲಿ ಬಾಗಲಕೋಟೆಯಲ್ಲಿ ಕರ್ನಾಟಕದ ಪತ್ರಿಕಾಕರ್ತರ ಸಮ್ಮೇಳನವು ಡಿ. ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಕೂಡಿದಾಗ, ಈ ವೃತ್ತಿಯನ್ನು ಕಲಿಸುವ ಶಾಲೆಯೊಂದೂ ನಮ್ಮಲ್ಲಿ ಇರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅದು ಪಾಠದ ವಿಷಯವಾದುದು ೧೯೫೧ರಲ್ಲಿ. ಗುಂಡಪ್ಪನವರು 'ವೃತ್ತಪತ್ರಿಕೆ'ಯೆಂಬ ಪುಸ್ತಕವನ್ನೇ ಬರೆದು ವೃತ್ತಿಯ ಧರ್ಮವನ್ನು ಹೇಳಿದರು. ಹಳಕಟ್ಟಿಯವರು ಅಂಥದೇನನ್ನೂ ಹೇಳಲಿಲ್ಲ. ಆದರೆ ಅವರ ಗದ್ಯವು ಒಂದು ಪಾಠವಾಗಿದೆ. ಷಟ್‌ಸ್ಥಲದಂಥ ಬಿಗಿಯಾದ ವಿಷಯವನ್ನು ಅಂಗಡಿಕಾರನಿಗೂ ಒಕ್ಕಲಿಗನಿಗೂ ತಿಳಿಯುವಂತೆ, ಚಿಕ್ಕ ವಾಕ್ಯಗಳಲ್ಲಿ, ಅಲಂಕಾರವಿಲ್ಲದೆ ಬರೆಯುವರು. ನ್ಯಾಯಾಲಯದಲ್ಲಿ ವಾದವನ್ನು ಅಂಶ ಅಂಶವಾಗಿ ಇಡುವವರ ರೀತಿಯದು. ಕೆಲವೆಡೆಗಳಲ್ಲಿ ಶುಷ್ಕವೆನಿಸುವದು, ಒಪ್ಪುವೆನು, ಎಲ್ಲಿಯೂ ಅಸ್ಪಷ್ಟವಾಗದು.

ಗುರುವಾಗಿ ಅವರು ಗೆಲ್ಲದೆ ಹೋದದ್ದು ಬೇರೆ ಕಡೆಗೆ. ಅಷ್ಟು ವರ್ಷಗಳ ಪತ್ರಿಕೆಯು ತನ್ನನ್ನು ಮುಂದೆ ನಡೆಯಿಸುವ ಎರಡನೆಯ ಸಂಪಾದಕನನ್ನು ಬೆಳೆಯಿಸಲಿಲ್ಲ. ಎಲ್ಲವನ್ನೂ ತಾನೇ ಮಾಡುವವನ ಹತ್ತಿರ ಕಲಿಯುವವನಿಗೆ ಕೆಲಸವೇ ಉಳಿಯದು. ನಮ್ಮ ಕಡೆಯ ಎಷ್ಟೋ ಒಳ್ಳೆಯ ಮಾಸಿಕಗಳು ಒಬ್ಬರ ಹೆಗಲಿನ ಮೇಲೆಯೇ ಹುಟ್ಟಿ ಅಲ್ಲಿಯೇ ಮುಗಿದವೆಂಬದನ್ನು ನೆನೆದರೆ, ಈ ದೋಷವನ್ನು ಅವರೊಬ್ಬರ ಮೇಲೆ ಹೊರಿಸುವದು ನ್ಯಾಯವಾಗಲಾರದು.

ಮುದುವೊಳಲಿನ ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಮುಧೋಳದ ಶಾಲೆಯ ಹುಡುಗರೂ ಹೇಳುವರು. ಆ ಸಾವಿರದಲ್ಲಿ ಲಿಪಿಕಾರರ ಎಷ್ಟು ತಪ್ಪುಗಳಿದ್ದವೆಂದು ಯಾರೂ ಎಣಿಸಿಲ್ಲ. ಹಳಕಟ್ಟಿಯವರ ತಪ್ಪುಗಳನ್ನು ಎಣಿಸುವವರು ಒಂದು ಕೆಲಸವನ್ನು ಮಾಡಲಿ: 'ಶಿವಾನುಭವ'ದ ಒಂದು ಹಳೆಯ ಸಂಚಿಕೆಯನ್ನೂ ೧೯೯೩ರ ಸಂಪುಟವನ್ನೂ ಮಗ್ಗುಲಲ್ಲಿ ಇಟ್ಟುಕೊಂಡು ಅಲ್ಲಮನ ಹತ್ತು ವಚನಗಳನ್ನು ಸಾಲುಸಾಲಾಗಿ ಹೋಲಿಸಿ ನೋಡಲಿ. ಜಮಖಂಡಿಯಲ್ಲಿ ನಾವು ಕೆಲವರು ಕೂಡಿ ಒಂದು ಸಂಜೆ ಹಾಗೆ ಮಾಡಿದೆವು. ಬೇರೆಯಾದ ಅಕ್ಷರಗಳನ್ನು ಕೆಂಪು ಪೆನ್ಸಿಲಿನಿಂದ ಗುರುತಿಸುತ್ತ ಹೋದೆವು. ದೀಪ ಹಚ್ಚುವ ಹೊತ್ತಿಗೆ ಪೆನ್ಸಿಲನ್ನು ಮರೆತು ವಚನಗಳನ್ನೇ ಓದುತ್ತ ಕುಳಿತಿದ್ದೆವು.